ಮಾವನ ಲೇಥಿಗೆ ಹೊಸ ಕೀ

ನನ್ನ ಮಾವ ಗುರುಸಂಗಪ್ಪನವರ ಬಗ್ಗೆ ಒಳ್ಳೆಯ ಮಾತಾಡುವವರು ಹಗರಿಬೊಮ್ಮನಹಳ್ಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಒಬ್ಬರೂ ಮಾವನ ಜೊತೆ ಒಂದೇ ಮನೆಯಲ್ಲಿ ಬಾಳಿದವರಲ್ಲ. ನಾನು ಸೊಸೆಯಾಗಿ ಬಂದು ಹದಿನಾರು ವರ್ಷವಾಯಿತು. ಹಾಗಾಗಿ ಉಳಿದದ್ದನ್ನು ನಾನೇ ಹೇಳಬೇಕು.

ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಬೇರೆಯವರ ಮನೆಯಲ್ಲಿ ಪಡಸಾಲೆ ಇರುವ ಜಾಗದಲ್ಲಿ ನಮ್ಮಲ್ಲಿ ಲೇಥ್ ಇದೆ. ಆರು ಅಡಿ ಉದ್ದ, ಹಸಿರು ಬಣ್ಣ, ನನ್ನ ಗಂಡ ಹುಟ್ಟುವ ಮೊದಲೇ ಹೊಸಪೇಟೆಯಿಂದ ಲಾರಿಯಲ್ಲಿ ಬಂದು ಇಳಿದದ್ದು. ಬೀಗರು ಬಂದರೆ ಅದರ ಪಕ್ಕದಲ್ಲೇ ಕುರ್ಚಿ ಹಾಕುತ್ತೇವೆ. ಎದ್ದು ಹೋಗುವಾಗ ಅವರ ಸೀರೆಯ ಅಂಚಿಗೆ ಕಬ್ಬಿಣದ ಸುರುಳಿ ಸಿಕ್ಕಿಕೊಂಡಿರುತ್ತದೆ. ನನ್ನ ಹೊಲಿಗೆ ಮಷಿನ್ನು ಅದೇ ಕೋಣೆಯಲ್ಲಿ, ಕಿಟಕಿಯ ಬದಿಗೆ. ಹಂಪಸಾಗರದ ಕಡೆಯ ಪಂಪು, ಕೂಡ್ಲಿಗಿ ಕಡೆಯ ಶೇಂಗಾ ಯಂತ್ರ, ಹರಪನಹಳ್ಳಿ ಕಡೆಯ ಮೆಕ್ಕೆಜೋಳದ ಯಂತ್ರ, ಯಾವುದರ ಶಾಫ್ಟ್ ಸವೆದರೂ ಮಾವನ ಹತ್ತಿರ ಬರುತ್ತದೆ. ಆ ಕೆಲಸದಲ್ಲಿ ಅವರ ಕೈ ಚೆನ್ನಾಗಿ ಪಳಗಿದೆ. ನಾಲಿಗೆಯ ಬಗ್ಗೆ ಆ ಮಾತು ಹೇಳುವಂತಿಲ್ಲ.

ಲೇಥಿನ ಒಂದು ತುದಿಯಲ್ಲಿ ತಿರುಗುವ ದುಂಡನೆಯ ಭಾಗಕ್ಕೆ ಚಕ್ ಎನ್ನುತ್ತಾರೆ. ಕೆಲಸದ ತುಂಡನ್ನು ಮೂರು ದವಡೆಗಳಲ್ಲಿ ಕಚ್ಚಿ ಹಿಡಿಯುವುದು ಅದೇ. ಆ ದವಡೆಗಳನ್ನು ಬಿಗಿ ಮಾಡಬೇಕಾದರೆ ಚಕ್ಕಿನ ಮೈಯಲ್ಲಿರುವ ಚೌಕ ತೂತಿಗೆ ಒಂದು ಕೀ ಹಾಕಿ ತಿರುಗಿಸಬೇಕು. ಗೇಣುದ್ದದ ಕೀ, ಮೇಲೆ ಅಡ್ಡ ಹಿಡಿಕೆ. ಬಿಗಿ ಮಾಡಿದ ಮೇಲೆ ಕೀ ತೆಗೆದು ಪಕ್ಕಕ್ಕಿಟ್ಟು ಆಮೇಲೆ ಸ್ವಿಚ್ ಹಾಕಬೇಕು. ಮರೆತು ಹಾಕಿದರೆ ಕೀ ಚಕ್ಕಿನ ಜೊತೆ ತಿರುಗಿ, ಎಲ್ಲಿಗೆ ಮನಸ್ಸು ಬಂತೋ ಅಲ್ಲಿಗೆ ಹಾರುತ್ತದೆ. ಈ ಪಾಠವನ್ನು ಮಾವ ನಾನು ಬಂದ ಮೊದಲ ವಾರದಲ್ಲೇ, ನಾನು ಕೇಳದಿದ್ದರೂ, ಮೂರು ಸಲ ಹೇಳಿದ್ದರು.

ಈ ವರ್ಷ ಬನ್ನಿ ಹಬ್ಬದ ಮರುದಿನ ಕೀ ಹಾರಿತು.

ಮಹಾನವಮಿಗೆ ನಮ್ಮಲ್ಲಿ ಲೇಥಿಗೆ ಪೂಜೆ. ಅತ್ತೆ ನಾಗಲಿಂಗಮ್ಮ ಯಂತ್ರಕ್ಕೆ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕುತ್ತಾರೆ. ಚಕ್ಕು ದುಂಡಗೆ ನುಣ್ಣಗಿರುವುದರಿಂದ ಹಾರ ಜಾರುತ್ತದೆ. ಅದಕ್ಕೆ ಕೀಯನ್ನು ಚಕ್ಕಿಗೆ ಸಿಕ್ಕಿಸಿ, ಅದರ ಅಡ್ಡ ಹಿಡಿಕೆಗೆ ಹಾರ ತೂಗುಬಿಡುವುದು ಮದುವೆಯಾಗಿ ಬಂದಾಗಿನಿಂದ ಅತ್ತೆಯ ಪದ್ಧತಿ. ಎರಡು ದಿನ ಯಂತ್ರ ಮುಟ್ಟುವ ಹಾಗಿಲ್ಲ. ಬನ್ನಿ ಕೊಟ್ಟು ತಗೊಂಡ ಮರುದಿನ ಬೆಳಿಗ್ಗೆ ಮಾವ ಸ್ನಾನ ಮಾಡಿ, ಊದಿನಕಡ್ಡಿ ಹಚ್ಚಿ, ಮೊದಲ ಸುತ್ತು ತಿರುಗಿಸುತ್ತಾರೆ. ಈ ಸಲ ಅತ್ತೆ ಬಾಡಿದ ಹಾರ ತೆಗೆದು ಬುಟ್ಟಿಗೆ ಹಾಕಿದರು, ಕೀ ಹಾಗೇ ಬಿಟ್ಟರು. ಮಾವ ಕಣ್ಣುಮುಚ್ಚಿ ಕೈಮುಗಿದು ಸ್ವಿಚ್ ಹಾಕಿದರು.

ನಾನು ಹೊಲಿಗೆ ಮಷಿನ್ನಿನ ಮುಂದೆ ಚಹಾ ಕುಡಿಯುತ್ತಿದ್ದೆ. ಕಿವಿಯ ಪಕ್ಕ ಗಾಳಿ ಬೀಸಿದ ಹಾಗಾಯಿತು, ಹಿಂದೆ ಕಟ್ಟೆಯ ಮೇಲಿದ್ದ ಕುಡಿಯುವ ನೀರಿನ ಸ್ಟೀಲ್ ಕೊಡ ಗಂಟೆಯ ಹಾಗೆ ಮೊಳಗಿತು. ತಿರುಗಿ ನೋಡಿದರೆ ಕೊಡದ ಹೊಟ್ಟೆ ಒಳಗೆ ಹೋಗಿತ್ತು. ನೀರು ನೆಲವೆಲ್ಲ ಹರಿದು ಕೀ ಅದರಲ್ಲಿ ಬಿದ್ದಿತ್ತು.

"ಕೀ ಇಟ್ಟಾಕಿ ಯಾರು?" ಎಂದರು ಮಾವ.

"ತಗೀಬೇಕಾದವರು ಯಾರು?" ಎಂದರು ಅತ್ತೆ.

"ಹಾರ ತಗದಾಕಿಗೆ ಕೀ ತಗಿಯಾಕ ಏನಾಗಿತ್ತು?"

"ಇಷ್ಟು ವರ್ಷ ನಾ ಹಂಗ ಇಟ್ಟೀನಿ. ಇಷ್ಟು ವರ್ಷ ನೀವ ತಗದೀರಿ. ಈ ವರ್ಷ ಕಣ್ಣು ಎಲ್ಲಿಟ್ಟಿದ್ರಿ?"

ನನ್ನ ಕಿವಿ ಇದೆಯೋ ಹೋಯಿತೋ ಎಂದು ಇಬ್ಬರೂ ಕೇಳಲಿಲ್ಲ. ಆ ಕೀ ನನ್ನ ತಲೆಗೇ ಬಿದ್ದಿದ್ದರೆ ನನ್ನ ಶಿವಗಣಾರಾಧನೆಯ ದಿನವೂ ಇದೇ ವಾದ ನಡೆಯುತ್ತಿತ್ತು. ನಾನು ಎದ್ದು ನೆಲ ಒರೆಸಿದೆ.

ನನ್ನ ಗಂಡ ಪ್ರವೀಣಕುಮಾರ್ ಸರ್ಕಾರಿ ಬಸ್ಸಿನ ಡ್ರೈವರ್. ಮಾತು ಕಡಿಮೆ. ಕೊಡ ನೋಡಿದರು, ನನ್ನನ್ನು ನೋಡಿದರು, ಕೀ ಎತ್ತಿ ತಮ್ಮ ಊಟದ ಚೀಲಕ್ಕೆ ಹಾಕಿಕೊಂಡು ದಾವಣಗೆರೆ ಡ್ಯೂಟಿಗೆ ಹೋದರು. ಕೀ ಇಲ್ಲದ ಲೇಥ್ ಒಂದು ಕಲ್ಲುಬಂಡೆ. ಸಂಜೆ ಬಂದವರು ಕೀಯನ್ನು ವಾಪಸ್ ಕೊಡದೆ ತಂದೆಯ ಮುಂದೆ ಕೂತರು.

"ಅಪ್ಪ, ಇನ್ನ ಸಾಕು. ಕೊಟ್ಟೂರಾಗ ಒಬ್ಬರು ಲೇಥು ಕೇಳಾಕ ಹತ್ಯಾರ. ಬರೋ ಐತವಾರ ಬಿಟ್ಟು ಮುಂದಿನ ಐತವಾರ ನೋಡಾಕ ಬರ್ತಾರ."

"ಲೇಥು ಕೊಟ್ಟು ನಾ ಏನು ಮಾಡ್ಲಿ?"

"ಆರಾಮ ಕುಂದ್ರು."

ಎಪ್ಪತ್ತೆರಡು ವರ್ಷದ ಮಾವನಿಗೆ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಅವತ್ತು ರೊಟ್ಟಿ ಮುಟ್ಟಲಿಲ್ಲ. ಮಗನಿಗೆ ಬೈಯಲೂ ಇಲ್ಲ, ಅದೇ ನನಗೆ ಹೆದರಿಕೆಯಾದದ್ದು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಎರಡು ಸಲ ಮಾವ ಕೀ ಚಕ್ಕಿನಲ್ಲೇ ಬಿಟ್ಟು ಸ್ವಿಚ್ಚಿನ ಕಡೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಎರಡೂ ಸಲ ನೂಲಿನ ಉಂಡೆ ಬಿದ್ದಿದೆ ಎಂದು ನೆವ ಹೇಳಿ, ಎದ್ದು ಹೋಗಿ ಕೀ ತೆಗೆದಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಲೇಥ್ ಹೋಗುತ್ತದೆ, ಅದು ಹೋದ ಮೇಲೆ ಮಾವ ಹೆಚ್ಚು ದಿನ ಬಾಳುವುದಿಲ್ಲ ಎಂದು ನನಗೆ ಅನ್ನಿಸಿತ್ತು. ಹೇಳದೆ ಮುಚ್ಚಿಟ್ಟರೆ ಏನಾಗುತ್ತದೆ ಎಂದು ಆ ಕೊಡ ತೋರಿಸಿತು.

ಕೆಲಸವಿಲ್ಲದ ಮಾವ ಮನೆಯಲ್ಲಿದ್ದ ಮೂರು ದಿನಗಳನ್ನು ನೆನೆದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಮೊದಲ ದಿನ ಸುಮ್ಮನಿದ್ದ ಮಿಕ್ಸರ್ ಬಿಚ್ಚಿದರು. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಎರಡನೆಯ ದಿನ ಹಿತ್ತಲ ನಲ್ಲಿ ಸೋರುತ್ತದೆಂದು ಬಿಗಿ ಮಾಡಿದರು. ಆಮೇಲೆ ಅದನ್ನು ತಿರುಗಿಸಲು ಅವರೇ ಬೇಕಾಯಿತು, ಮುಖ ತೊಳೆಯುವವರೆಲ್ಲ ಅವರನ್ನು ಕೂಗಬೇಕಾಯಿತು. ಮೂರನೆಯ ದಿನ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ರವಿಕೆಯ ತೋಳು ಹೇಗೆ ಕೂಡಿಸಬೇಕೆಂದು ಹೇಳಿಕೊಡತೊಡಗಿದರು. ಇದರ ನಡುವೆ ಹಂಪಸಾಗರದ ಬೆನಕಪ್ಪ. ಹಬ್ಬಕ್ಕೆ ಮೊದಲೇ ಪಂಪಿನ ಶಾಫ್ಟ್ ಕೊಟ್ಟು ಹೋಗಿದ್ದವನು ದಿನ ಬಿಟ್ಟು ದಿನ ಬಂದು ಮೆಟ್ಟಿಲ ಮೇಲೆ ಕೂತು, "ಇನ್ನೂ ಆಗಿಲ್ಲೇನ್ರಿ?" ಎನ್ನುತ್ತಿದ್ದ. ಲೇಥ್ ಉಳಿಸಲೇಬೇಕು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡದ್ದು ಆ ಮೂರನೆಯ ದಿನವೇ.

ಬಸ್ ಸ್ಟ್ಯಾಂಡಿನ ಹತ್ತಿರ ಮಂಜಣ್ಣನ ವರ್ಕ್‌ಶಾಪಿದೆ. ಮಾವನಿಗೆ ಹೇಳದೆ ಹೋಗಿ ಅವನಲ್ಲಿದ್ದ ಎರಡು ಕೀ ಕೇಳಿ ತಂದೆ. ಒಂದು ಕೀ ತೂತಿನ ಒಳಗೇ ಹೋಗಲಿಲ್ಲ. ಇನ್ನೊಂದರ ಮೂಲೆ ಸವೆದಿತ್ತು, ಒಳಗೆ ಹೋಗಿ ಸುಮ್ಮನೆ ತಿರುಗಿತು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಈ ಚಕ್ಕಿನ ಅಳತಿ ಯಾರ ಕಡೀನೂ ಸಿಗಂಗಿಲ್ಲ. ಹತ್ತು ಎಂಎಂಗ ದೊಡ್ಡದು, ಹನ್ನೊಂದಕ್ಕ ಸಣ್ಣದು," ಎಂದರು, ಏನೋ ಮನೆತನದ ಹೆಮ್ಮೆ ಹೇಳುವವರ ಹಾಗೆ.

"ಹಂಗಾದ್ರ ನೀವ ಮಾಡ್ರಿ, ಮಾವಾರ."

"ಹೆಂಗ ಮಾಡ್ಲಿ? ಕೀ ಮಾಡಬೇಕಂದ್ರ ತುಂಡು ಚಕ್ಕಿಗೆ ಹಿಡೀಬೇಕು. ಚಕ್ಕಿಗೆ ಹಿಡೀಬೇಕಂದ್ರ ಕೀ ಬೇಕು. ತಿಳೀತಿಲ್ಲೋ?"

"ಗರಗಸ ಐತಿ, ಅರ ಐತಿ, ಕೈ ಅದಾವು. ಐತವಾರ ಬರಾಕತ್ತೈತಿ."

ನಾನು ಕೋಪದಲ್ಲಿ ಹೇಳಿದ್ದು. ಮಾವ ಅದನ್ನು ಯೋಚಿಸುತ್ತ ಒಳಗೆ ಹೋದರು. ಹತ್ತು ನಿಮಿಷದಲ್ಲಿ ಅಡಿಗೆಮನೆಯಿಂದ ಗರಗಸದ ಸದ್ದು ಬಂತು. ಹೋಗಿ ನೋಡುವಷ್ಟರಲ್ಲಿ ಕಿಟಕಿಯ ಚೌಕ ಸರಳೊಂದು ಅವರ ಕೈಯಲ್ಲಿತ್ತು. ಅದಕ್ಕೆ ತಗಡು ಸುತ್ತಿ ದಪ್ಪ ಮಾಡಿ ಚಕ್ಕಿಗೆ ಹಾಕಿ ತಿರುಗಿಸಿದರೆ, ದವಡೆ ಅಲ್ಲಾಡಲಿಲ್ಲ, ಸರಳೇ ತಿರುಚಿಕೊಂಡಿತು. ಕಿಟಕಿಯ ಸಂದಿಯಿಂದ ಅವತ್ತೇ ಬೆಕ್ಕು ನುಗ್ಗಿ ಹಾಲು ಕುಡಿಯಿತು. ಅತ್ತೆ ಖಾಲಿ ಹಾಲಿನ ಪಾತ್ರೆ ತಂದು ಲೇಥಿನ ಮೇಲಿಟ್ಟು ಹೋದರು.

ಎರಡನೆಯದಕ್ಕೆ ಟ್ರ್ಯಾಕ್ಟರ್ ಟ್ರೇಲರಿನ ಹಳೆಯ ಬೋಲ್ಟ್ ಹುಡುಕಿದರು. ಗಟ್ಟಿ ಉಕ್ಕು, ಹೆಬ್ಬೆರಳ ದಪ್ಪ. ಅದರ ತಲೆ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ ಉಜ್ಜಿ ಚೌಕ ಮಾಡಬೇಕು. ಎರಡು ದಿನ ಬೆಳಗಿನಿಂದ ಸಂಜೆವರೆಗೆ ಆ ಕಿರಕಿರ ಸದ್ದು. ನಾಲ್ಕು ಸಲ ಉಜ್ಜುವುದು, ಒಮ್ಮೆ ಅಳೆಯುವುದು, ಬೆಳಕಿಗೆ ಹಿಡಿಯುವುದು, "ಇನ್ನೂ ಕೂದಲೆಳಿ ಐತಿ" ಎನ್ನುವುದು. ನಾನು ಹೊಲಿದ ಎರಡು ರವಿಕೆಗಳ ತೋಳು ಅದಲುಬದಲಾದವು. ಆದರೂ ಕೀ ತೂತಿಗೆ ಹೋಗಿ ಕೂತಾಗ ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮಾವ ನಿಲ್ಲಿಸುವವರಲ್ಲ.

"ಕಾಯಿಸಿ ಅದ್ದಬೇಕು. ಕಾಯಿಸದ ಕೀ, ಕೀ ಅಲ್ಲ."

"ಬೋಲ್ಟ ಗಟ್ಟಿ ಐತಂತ ನೀವ ಅಂದ್ರಿ."

"ನಿನಗ ತಿಳಿಯಂಗಿಲ್ಲ ಬಿಡು."

ನೀರೊಲೆಯ ಕೆಂಡದಲ್ಲಿ ಕೀ ಕೆಂಪಗೆ ಕಾಯಿಸಿದರು. ಅದ್ದಲು ಎಣ್ಣೆ ಬೇಕು. ಅತ್ತೆ ಮಿರ್ಚಿ ಕರಿಯಲೆಂದು ಗಾಣದಿಂದ ತರಿಸಿಟ್ಟಿದ್ದ ಶೇಂಗಾ ಎಣ್ಣೆಯ ಡಬ್ಬಿ ಮುಂದೆಯೇ ಇತ್ತು. ಚುಂಯ್ ಎಂದಿತು, ಮನೆ ತುಂಬ ಹೊಗೆ. ಅತ್ತೆ ಆ ಎಣ್ಣೆಯನ್ನು ಸೋಸಿ ಮಿರ್ಚಿ ಕರಿದೇಬಿಟ್ಟರು, ಮೊದಲ ತಟ್ಟೆ ಮಾವನ ಮುಂದೆಯೇ ಇಟ್ಟರು. ಅವರು ಒಂದೂ ಬಿಡದೆ ತಿಂದರು. ತಿಂದು ಎದ್ದು, ಕೀಯನ್ನು ಚಕ್ಕಿಗೆ ಹಾಕಿ ಬಲವಾಗಿ ತಿರುಗಿಸಿದರು. ಟಿಕ್ ಎಂದು ಚೌಕದ ಒಂದು ಮೂಲೆ ಒಡೆದು ಹಾರಿತು. ಕಾಯಿಸಿ ಅದ್ದಿದ್ದು ಹೆಚ್ಚಾಗಿ ಉಕ್ಕು ಗಾಜಿನ ಹಾಗೆ ಪೆಡಸಾಗಿತ್ತು. ಎರಡು ದಿನದ ಕೆಲಸ ಹೋಯಿತು. ನನಗೆ ಅಳು ಬಂತು, ಪೂರ್ತಿ ಸಿಟ್ಟಿನ ಅಳು. ಮಾವ ಒಡೆದ ಮೂಲೆಯನ್ನು ಅಂಗೈಯಲ್ಲಿಟ್ಟುಕೊಂಡು, "ಎಣ್ಣಿ ಸರಿ ಇರಲಿಲ್ಲ," ಎಂದರು.

ಮೂರನೆಯ ಕೀ ಅಂಥದೇ ಇನ್ನೊಂದು ಬೋಲ್ಟಿನಿಂದ ಶುಕ್ರವಾರ ಮಧ್ಯಾಹ್ನ ಮುಗಿಯಿತು. ಒಲೆಯ ಹತ್ತಿರ ಹೋಗಲು ನಾನು ಬಿಡಲಿಲ್ಲ. ಅಡ್ಡಕ್ಕೆ ತೂತು ಕೊರೆದು ಹಿಡಿಕೆ ತೂರಿಸಿದರು. ತೂತಿಗೆ ಹಾಕಿ ತಿರುಗಿಸಿದಾಗ ದವಡೆಗಳು ಮೂರೂ ಒಟ್ಟಿಗೆ ಸರಿದವು. ಮಾವ ಚಕ್ಕಿನ ಮೇಲೆ ಕೈಯಾಡಿಸಿದರು. ವಾರದಿಂದ ಅವರ ಮುಖದಲ್ಲಿ ಅಂಥ ಕಳೆ ನೋಡಿರಲಿಲ್ಲ. ಆ ಹೊತ್ತು ಸುಮ್ಮನಿರಬಹುದಿತ್ತು, ಆದರೆ ಕೊಟ್ಟೂರಿನವರು ಬರುವ ಭಾನುವಾರ ನಾಡಿದ್ದೇ.

"ಮಾವಾರ, ಇದಕ್ಕ ಒಂದು ಸ್ಪ್ರಿಂಗ್ ಕೂಡಿಸ್ರಿ," ಎಂದೆ. ಫೋನಿನಲ್ಲಿ ನೋಡಿದ್ದೆ. ಕೀಯ ತುದಿಗೆ ಸ್ಪ್ರಿಂಗ್ ಇದ್ದರೆ, ಕೀಯನ್ನು ಒತ್ತಿ ಹಿಡಿದಾಗ ಮಾತ್ರ ಅದು ಚಕ್ಕಿನೊಳಗೆ ನಿಲ್ಲುತ್ತದೆ. ಕೈ ತೆಗೆದರೆ ಸ್ಪ್ರಿಂಗೇ ಅದನ್ನು ಹೊರಗೆ ದಬ್ಬುತ್ತದೆ. ಮರೆತರೂ ಕೀ ಚಕ್ಕಿನಲ್ಲಿ ಉಳಿಯುವುದಿಲ್ಲ.

"ಅದು ಕಲಿಯಾಕ ಬಂದವರಿಗೆ. ನನಗಲ್ಲ."

"ನಿಮಗ ಬೇಕು."

"ಅವತ್ತಿಂದು ಪೂಜಿ ತಪ್ಪು. ನಿಮ್ಮತ್ತಿ ಕೀ ಇಟ್ಟು..."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಬ್ಯಾಸಗ್ಯಾಗ ಯಾವ ಪೂಜಿ ಇತ್ತು, ಮಾವಾರ? ಎರಡು ಸಲ ಬಿಟ್ಟಿದ್ರಿ. ನೂಲು ಬಿದ್ದೈತಿ ಅಂತ ಬಂದು ತಗದಾಕಿ ನಾನು."

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಮಾವ ನನ್ನನ್ನು ನೋಡಲಿಲ್ಲ. ಕೀಯನ್ನು ಲೇಥಿನ ಮೇಲೆ ಮೆಲ್ಲಗೆ ಇಟ್ಟು, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಹೇಳಬಾರದಿತ್ತು ಎಂದು ಅನ್ನಿಸಿತು. ಬೇಸಿಗೆಯಲ್ಲೇ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದೂ ಅನ್ನಿಸಿತು.

ಶನಿವಾರ ಬೆಳಿಗ್ಗೆ ಅವರು ಲೇಥಿನ ಕಡೆ ಬರಲಿಲ್ಲ. ನಾನೇ ಅವರ ಸ್ಪ್ರಿಂಗಿನ ಡಬ್ಬಿ ನೆಲಕ್ಕೆ ಸುರಿದು, ಪಂಪಿನ ವಾಲ್ವಿನದೊಂದು ಸ್ಪ್ರಿಂಗ್ ಆರಿಸಿ ಕೀಗೆ ತೊಡಿಸಿದೆ. ಬಿದ್ದುಹೋಯಿತು. ತಂತಿ ಸುತ್ತಿದೆ. ಸೊಟ್ಟಗಾಯಿತು. ಅದರ ಮೇಲೆ ವೈರಿನ ಕಪ್ಪು ಟೇಪ್ ಸುತ್ತಿದೆ. ಮಾವ ಬಾಗಿಲಿಗೆ ಬಂದು ನಿಂತದ್ದು ಕಾಣಿಸಿತು, ನಾನು ತಲೆ ಎತ್ತಲಿಲ್ಲ. ಅವರು ಹತ್ತು ನಿಮಿಷ ತಡೆದುಕೊಂಡರು.

"ಏನದು?"

"ಸ್ಪ್ರಿಂಗ್."

"ಕುಂಟ ಕತ್ತಿ ಕಾಲಿಗೆ ಪಟ್ಟಿ ಕಟ್ಟಿದಂಗ ಐತಿ."

"ನನಗ ಬರೋದು ಇಷ್ಟ."

"ಬಿಡು ಇತ್ತ. ನನ್ನ ಮನ್ಯಾಗ ಇಂಥ ಹೊಲಸು ಕೆಲಸ ಆಗಬಾರದು."

ಟೇಪ್ ಕಿತ್ತೆಸೆದರು. ಆ ಹೊಸ ಕೀಯಿಂದಲೇ ಒಂದು ತುಂಡನ್ನು ಚಕ್ಕಿಗೆ ಬಿಗಿದು, ಕೀಯನ್ನು ನನ್ನ ಕೈಗೆ ಕೊಟ್ಟು, ಸ್ವಿಚ್ ಹಾಕಿದರು. ಕೀಯ ಮೈಗೆ ಬಿಗಿಯಾಗಿ ಕೂರುವ ಒಂದು ಬಳೆ ಕಡೆದರು, ಅದರಲ್ಲಿ ತೋಡು ತೆಗೆದು ಸ್ಪ್ರಿಂಗಿನ ತುದಿ ಕೂಡಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಯಿತು. "ಪ್ರತಿ ಸಲ ಇಷ್ಟು ಒತ್ತಬೇಕೇನು? ಯಾವನ ತಲಿಗೆ ಹೊಳೀತೋ ಇದು," ಎಂದು ಗೊಣಗಿದರು. ಬೇಸಿಗೆಯ ಮಾತು ಇಬ್ಬರೂ ಎತ್ತಲಿಲ್ಲ.

ಭಾನುವಾರ ಪ್ರವೀಣಕುಮಾರ್ ರಜೆ ಹಾಕಿ ಮನೆಯಲ್ಲಿದ್ದರು. ಕೊಟ್ಟೂರಿನವರು ಹನ್ನೆರಡಕ್ಕೆ ಬರುವವರಿದ್ದರು. ಹತ್ತಕ್ಕೇ ಬೆನಕಪ್ಪ ಬಂದು ಮೆಟ್ಟಿಲ ಮೇಲೆ ಕೂತ. ಮಾವ ಮಗನನ್ನು ಕರೆದು, ಹೊಸ ಕೀಯನ್ನು ಚಕ್ಕಿಗೆ ಒತ್ತಿ ಹಿಡಿದು ಕೈಬಿಟ್ಟರು. ಕೀ ನೆಲಕ್ಕೆ ಬಿದ್ದು ಟಣ್ ಎಂದಿತು. ಇನ್ನೊಮ್ಮೆ ತೋರಿಸಿದರು. ಪ್ರವೀಣಕುಮಾರ್ ತಾವೇ ತೆಗೆದುಕೊಂಡು ಮೇಲಿಂದ, ಪಕ್ಕದಿಂದ ಎಲ್ಲ ಹಾಕಿ ನೋಡಿದರು. ಎಲ್ಲಿಯೂ ನಿಲ್ಲಲಿಲ್ಲ.

"ಕೆಲಸ ಛಲೋ ಆಗೈತಿ," ಎಂದರು. "ಆದ್ರ ಮಾತು ಕೀದು ಒಂದ ಅಲ್ಲಪ್ಪ."

"ಮತ್ತ ಯಾವುದು? ಅವತ್ತಿಂದು ಪೂಜಿ ತಪ್ಪು. ನಾ ಮರಿಯೋ ಮನಷ್ಯಾ ಅಲ್ಲ. ಕುಂತು ನೋಡು."

ಬೆನಕಪ್ಪನ ಶಾಫ್ಟನ್ನು ಎತ್ತಿ ಚಕ್ಕಿಗೆ ಹಿಡಿದರು. ಕೀ ಒತ್ತಿ ಬಿಗಿ ಮಾಡಿ, ತೆಗೆದು ಪಕ್ಕಕ್ಕಿಟ್ಟರು. ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿದರು, ಸ್ವಲ್ಪ ಓಲಾಡಿತು. ಅಷ್ಟರಲ್ಲಿ ಬೆನಕಪ್ಪನಿಗೆ ಪಾಠ ಶುರುವಾಗಿತ್ತು. ಹಿಂದೆ ಈ ಶಾಫ್ಟಿಗೆ ವೆಲ್ಡಿಂಗ್ ಮಾಡಿದವನು ಎಂಥ ದ್ರೋಹ ಮಾಡಿದ್ದಾನೆ, ಎಲ್ಲಿ ಜಾಸ್ತಿ ತುಂಬಿದ್ದಾನೆ, ಅಂಥವನ ಹತ್ತಿರ ಯಾಕೆ ಹೋದೆ. ಹೇಳುತ್ತಲೇ ಕೀಯನ್ನು ಮತ್ತೆ ಒತ್ತಿ, ಇನ್ನೊಂದು ಕಾಲು ಸುತ್ತು ಬಿಗಿದರು. ಹೇಳುತ್ತಲೇ ಕೈ ಬಿಟ್ಟು ಸ್ವಿಚ್ಚಿನ ಕಡೆ ತಿರುಗಿದರು.

ಕೀ ನೆಲಕ್ಕೆ ಬಿತ್ತು.

ಇದನ್ನು ಅವರು ತೋರಿಸಲೆಂದು ಬಿಟ್ಟದ್ದಲ್ಲ. ಕೋಣೆಯಲ್ಲಿದ್ದ ಎಲ್ಲರಿಗೂ ಅದು ತಿಳಿಯಿತು. ಮಾವನ ಬೆರಳು ಸ್ವಿಚ್ಚಿಗೆ ಗೇಣು ದೂರದಲ್ಲಿ ನಿಂತಿತ್ತು. ಕೀ ನಾವು ಹೇಳಿದ ಕೆಲಸವನ್ನೇ ಮಾಡಿತ್ತು, ಆದರೆ ಮಗನ ಮುಂದೆ ಮಾಡಿತ್ತು. ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಇವತ್ತು ಯಾವ ಪೂಜೆ ಇತ್ತು ಎಂದು ಕೇಳಲು ಅವರಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅವರು ಕೇಳಲಿಲ್ಲ.

ಮಾವ ಮೊಣಕಾಲು ಹಿಡಿದು ಬಗ್ಗಿ ಕೀ ಎತ್ತಿಕೊಂಡರು. ಧೋತರದ ಅಂಚಿಗೆ ಒರೆಸಿದರು.

"ಪ್ರವೀಣ, ಪೂಜಿ ತಪ್ಪಲ್ಲ ಅದು," ಎಂದರು. "ನಂದ ತಪ್ಪು."

ಮಾವ ನನ್ನ ಕಡೆ ತಿರುಗಿದರು.

"ಶೈಲಾ, ಬಾ ಯವ್ವ ಇಲ್ಲೆ. ಇವತ್ತಿಂದ ಸ್ವಿಚ್ ನಿಂದು. ಕೀ ನನ್ನ ಕೈಯಾಗ ಕಂಡ ಮ್ಯಾಲೆ ಹಾಕು. ಕಾಣಲಿಲ್ಲಂದ್ರ ನಾ ಎಷ್ಟ ಬೈದ್ರೂ ಹಾಕಬ್ಯಾಡ."

ಆ ಸ್ವಿಚ್ಚನ್ನು ಅವರು ಸ್ವಂತ ಮಗನಿಗೂ ಮುಟ್ಟಗೊಟ್ಟವರಲ್ಲ. ಪ್ರವೀಣಕುಮಾರ್ ಫೋನ್ ತೆಗೆದುಕೊಂಡು ಹೊರಗೆ ಹೋದರು. "ಬರಬ್ಯಾಡ್ರಿ ಯಜಮಾನ್ರ," ಎನ್ನುವುದು ಕೇಳಿಸಿತು. "ಇಲ್ರಿ, ಕೊಡಂಗಿಲ್ಲ. ಅಪ್ಪ ಕೆಲಸ ಮಾಡಾಕ ಹತ್ಯಾರ."

ನಾನು ಹೊಲಿಯುತ್ತಿದ್ದ ರವಿಕೆ ಕೆಳಗಿಟ್ಟು ಹೋಗಿ ಸ್ವಿಚ್ಚಿನ ಪಕ್ಕ ನಿಂತೆ. ಮಾವ ಶಾಫ್ಟನ್ನು ಇನ್ನೊಮ್ಮೆ ಪರೀಕ್ಷಿಸಿ ಬಿಗಿ ಮಾಡಿದರು. ವೆಲ್ಡಿಂಗಿನವನ ಮಾತು ಮತ್ತೆ ಶುರು ಮಾಡಿದರು, ಅರ್ಧಕ್ಕೆ ನಿಲ್ಲಿಸಿದರು. ನನ್ನ ಕಡೆ ತಿರುಗಿ, ಕೀ ಹಿಡಿದ ಕೈಯನ್ನು ತಲೆಗಿಂತ ಮೇಲೆ ಎತ್ತಿ ತೋರಿಸಿದರು.

ನಾನು ಸ್ವಿಚ್ ಹಾಕಿದೆ.